ಬೆಂಗಳೂರಿನ ಮನೆಗೆ ಯಾವ ಹೂಗಿಡ? ಕಾಬಾಳೆ, ಸೇವಂತಿಗೆ, ಸುಗಂಧರಾಜ, ಜರ್ಬೆರಾ, ಮಳೆ ಲಿಲಿ

ಒಮ್ಮೆ ನೆಟ್ಟರೆ ನಾಲ್ಕಾರು ವರ್ಷ ಇರಬೇಕು. ವರ್ಷವೂ ಹೂ ಬಿಡಬೇಕು. ಮರದ ಹಾಗೆ ಬೆಳೆದು ಕಾಂಪೌಂಡ್ ಗೋಡೆ ಸೀಳಬಾರದು. ಮನೆ ಮುಂದೆ ಒಂದಿಷ್ಟು ಮಣ್ಣೋ, ಬಾಲ್ಕನಿಯೋ, ಟೆರೇಸೋ ಇರುವ ಬೆಂಗಳೂರಿನವರು ಹುಡುಕುವುದು ಇಂಥ ಗಿಡವನ್ನೇ. ನರ್ಸರಿಗೆ ಹೋದರೆ ಈ ಐದು ಹೆಸರು ಮತ್ತೆ ಮತ್ತೆ ಎದುರಾಗುತ್ತವೆ: ಕಾಬಾಳೆ, ಸೇವಂತಿಗೆ, ಸುಗಂಧರಾಜ, ಜರ್ಬೆರಾ, ಮಳೆ ಲಿಲಿ. ಐದೂ ಮೆತ್ತನೆ ಕಾಂಡದ ಗಿಡಗಳು. ಮೇಲಿನ ಎಲೆ ಒಣಗಿದರೂ ಬುಡವೋ ಗಡ್ಡೆಯೋ ಮಣ್ಣೊಳಗೆ ಬದುಕಿದ್ದು ಮತ್ತೆ ಚಿಗುರುತ್ತವೆ. ಐದಕ್ಕೂ ಬೆಂಗಳೂರಿನ ಹವೆ ಒಗ್ಗುತ್ತದೆ. ಆದರೆ ಐದಕ್ಕೂ ನಿಮ್ಮ ಮನೆ ಒಗ್ಗಬೇಕಲ್ವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನರ್ಸರಿಯಲ್ಲಿ ಅರಳಿರುವ ಹೂ ನೋಡಿ ಗಿಡ ಆರಿಸಬೇಡಿ. ನಿಮ್ಮ ಮನೆಯಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಈ ಎರಡನ್ನು ನೋಡಿ ಆರಿಸಿ. ಬಣ್ಣ, ಗಾತ್ರ, ಬೆಲೆ ಎಲ್ಲ ಆಮೇಲೆ.

ಮೊದಲು ಮನೆಯನ್ನು ನೋಡಿ

ಬಿಸಿಲಿನ ಲೆಕ್ಕದಲ್ಲಿ ಹೆಚ್ಚಿನವರು ಗಮನಿಸದ ವಿಷಯ ಒಂದಿದೆ. ಬೆಂಗಳೂರು ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉಳಿದ ತಿಂಗಳಲ್ಲಿ ದಕ್ಷಿಣಕ್ಕೆ. ಇದರಿಂದ ಏನಾಗುತ್ತದೆ ಅಂದರೆ, ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಮೇ, ಜೂನ್, ಜುಲೈನಲ್ಲಿ ಬಿಸಿಲು ಬರುತ್ತದೆ, ಅಕ್ಟೋಬರ್ ಹೊತ್ತಿಗೆ ಪೂರ್ತಿ ಹೋಗಿಬಿಡುತ್ತದೆ. ದಕ್ಷಿಣದ ಬಾಲ್ಕನಿಯದು ಉಲ್ಟಾ. ಚಳಿಗಾಲದಲ್ಲಿ ಅಲ್ಲಿಗೆ ಒಳಗಿನ ತನಕ ಬಿಸಿಲು. ಜೂನ್‌ನಲ್ಲಿ ಉತ್ತರದ ಬಾಲ್ಕನಿ ನೋಡಿ ಬಿಸಿಲಿದೆ ಎಂದುಕೊಂಡು ಸೇವಂತಿಗೆ ತಂದರೆ, ಅದು ಹೂ ಬಿಡಬೇಕಾದ ನವೆಂಬರ್‌ನಲ್ಲಿ ಅಲ್ಲಿ ಬಿಸಿಲೇ ಇರುವುದಿಲ್ಲ. ಪೂರ್ವ, ಪಶ್ಚಿಮದ ಬಾಲ್ಕನಿಗಳಿಗೆ ವರ್ಷವಿಡೀ ಅರ್ಧ ದಿನದ ಬಿಸಿಲು ಸಿಗುತ್ತದೆ, ಎದುರಿಗೆ ದೊಡ್ಡ ಕಟ್ಟಡ ಇಲ್ಲದಿದ್ದರೆ. ಅಪಾರ್ಟ್‌ಮೆಂಟ್‌ನವರು ಒಂದು ರಜೆ ದಿನ ಗಂಟೆಗೊಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಅಷ್ಟು ಸಾಕು.

ನೀರಿನ ವಿಷಯ ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೇ ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಹಾಗಾಗಿ ಪ್ರತಿ ಗಿಡಕ್ಕೂ ಈ ಪ್ರಶ್ನೆ ಕೇಳಿ: ಮಾರ್ಚ್‌ನಿಂದ ಮೇ ತನಕ ತರಕಾರಿ, ಅಕ್ಕಿ ತೊಳೆದ ನೀರಿನಲ್ಲೇ ಇದು ಬದುಕುತ್ತದಾ? ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಗಡಸುತನವನ್ನೂ ನೋಡಬೇಕು. ಬಕೆಟ್ ಅಂಚಿನಲ್ಲಿ ಬಿಳಿ ಕಲೆ ಕಟ್ಟುವ ನೀರು ಕೆಲವು ಗಿಡಗಳಿಗೆ ಆಗಿಬರುವುದಿಲ್ಲ.

ಇನ್ನು ಹೂ ಯಾಕೆ ಬೇಕು ಎನ್ನುವುದು. ದೇವರಿಗೆ ಏರಿಸಲಿಕ್ಕಾ, ಹೂದಾನಿಯಲ್ಲಿ ಇಡಲಿಕ್ಕಾ, ಸುಮ್ನೆ ನೋಡಲಿಕ್ಕಾ? ವಾರಕ್ಕೆ ಎಷ್ಟು ಹೊತ್ತು ಗಿಡದ ಜೊತೆ ಕಳೆಯಬಲ್ಲಿರಿ? ಮನೆಯಲ್ಲಿ ಬೆಕ್ಕು, ನಾಯಿ, ಎಲ್ಲವನ್ನೂ ಬಾಯಿಗೆ ಹಾಕುವ ಮಗು ಇದೆಯಾ? ಇಷ್ಟಕ್ಕೆ ಉತ್ತರ ಇಟ್ಟುಕೊಂಡು ಮುಂದೆ ಓದಿ.

ಕಾಬಾಳೆ

ನರ್ಸರಿಯಲ್ಲಿ ಕ್ಯಾನಾ ಎಂದು ಕೇಳಿ. ಬಾಳೆಯಂಥ ಅಗಲ ಎಲೆ, ಕೆಂಪು, ಹಳದಿ, ಕಿತ್ತಳೆ ಹೂ. ಮೂಲತಃ ಅಮೆರಿಕ ಖಂಡದ ಬಿಸಿ ನಾಡುಗಳದ್ದು. ನಮ್ಮ ಪಾರ್ಕುಗಳಲ್ಲಿ, ಹಳೆ ಮನೆಗಳ ಬಚ್ಚಲ ನೀರು ಹರಿಯುವ ಕಡೆ ಎಷ್ಟೋ ಕಾಲದಿಂದ ಬೆಳೆಯುತ್ತಿದೆ. ಅಲ್ಲಿ ಬೆಳೆಯಲು ಕಾರಣವಿದೆ. ಕಾಬಾಳೆಯ ಬೇರು ಕೆಸರಿನಲ್ಲೂ ಕೊಳೆಯುವುದಿಲ್ಲ, ಕೊಳಚೆ ನೀರಿನಲ್ಲಿರುವ ಸಾರಜನಕವನ್ನು, ರಂಜಕವನ್ನು ಹೀರಿಕೊಳ್ಳುತ್ತದೆ. ಗಿಡಗಳ ಬೇರಿನಿಂದ ಬಳಸಿದ ನೀರನ್ನು ಶುದ್ಧ ಮಾಡುವ ತೊಟ್ಟಿಗಳಲ್ಲಿ ಇದನ್ನು ನೆಡುವುದೂ ಅದಕ್ಕೇ.

ಬೆಂಗಳೂರಿನ ಮಟ್ಟಿಗೆ ಇದು ಸಣ್ಣ ಗುಣವಲ್ಲ. ಪಾತ್ರೆ, ಬಟ್ಟೆ ತೊಳೆದ ನೀರನ್ನು ತಡೆದುಕೊಳ್ಳುವ ಹೂಗಿಡ ಈ ಐದರಲ್ಲಿ ಇದೊಂದೇ. ಸೋಪು ಕಡಿಮೆ ಇರಲಿ, ಬ್ಲೀಚ್, ಫಿನಾಯಿಲ್ ಬೀಳದಿರಲಿ. ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಜಾಸ್ತಿ, ಅದನ್ನು ಬೇರೆ ನೀರಿನ ಜೊತೆ ಬೆರೆಸಿಯೇ ಹಾಕಿ. ತೂತಿಲ್ಲದ ಟಬ್ಬಿನಲ್ಲಿ ನೀರು ನಿಲ್ಲಿಸಿಯೂ ಕಾಬಾಳೆ ಬೆಳೆಸಬಹುದು. ಹಾಗೆ ಮಾಡುವುದಾದರೆ ನಾಲ್ಕು ಗಪ್ಪಿ ಮೀನು ಬಿಡಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುವ ಊರು ನಮ್ಮದು.

ಕಾಬಾಳೆಗೆ ಬೇಕಾಗಿರುವುದು ಜಾಗ ಮತ್ತು ಬಿಸಿಲು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ದರೆ ಬರೀ ಎಲೆ. ಹಳೆ ತಳಿಗಳು ಆಳೆತ್ತರ ಬೆಳೆಯುತ್ತವೆ. ಗಿಡ್ಡ ತಳಿಗಳು ಎರಡು ಮೂರು ಅಡಿಗೆ ನಿಲ್ಲುತ್ತವೆ, ಪಾಟಿಗೆ ಅವೇ ಸರಿ. ಪಾಟ್ ಹದಿನಾಲ್ಕು ಇಂಚಿಗಿಂತ ಚಿಕ್ಕದಾದರೆ ಗಡ್ಡೆ ಬೇಗ ತುಂಬಿಕೊಂಡು ಹೂ ಕಡಿಮೆಯಾಗುತ್ತದೆ. ಒದ್ದೆ ಮಣ್ಣು ತುಂಬಿದ ಅಂಥ ಪಾಟನ್ನು ಒಬ್ಬರೇ ಎತ್ತುವುದು ಕಷ್ಟ, ಟೆರೇಸಿನವರು ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ.

ಆರೈಕೆ ಕಡಿಮೆ. ಒಂದು ದಂಟು ಹೂ ಮುಗಿಸಿದ ಮೇಲೆ ಅದು ಮತ್ತೆ ಹೂ ಬಿಡುವುದಿಲ್ಲ, ಬುಡದಿಂದ ಕತ್ತರಿಸಿ. ಪಕ್ಕದ ಮರಿ ಮೇಲೆ ಬರುತ್ತದೆ. ಮಳೆಗಾಲದಲ್ಲಿ ಎಲೆ ಸುತ್ತುವ ಹುಳು ಬರುತ್ತದೆ. ಸುತ್ತಿದ ಎಲೆ ಬಿಡಿಸಿ ಹುಳು ತೆಗೆದರೆ ಆಯಿತು. ಎಲೆಯಲ್ಲಿ ಹಳದಿ ಪಟ್ಟೆ, ಚುಕ್ಕೆ ಬಂದು ಗಿಡ ಕುಗ್ಗುತ್ತಾ ಹೋದರೆ ಅದು ವೈರಸ್ ಇರಬಹುದು. ಅದಕ್ಕೆ ಔಷಧಿಯಿಲ್ಲ, ಗಡ್ಡೆ ಸಮೇತ ಕಿತ್ತು ಹಾಕಿ. ಪುಕ್ಕಟೆ ಗಡ್ಡೆ ಪಡೆಯುವಾಗ ತಾಯಿ ಗಿಡದ ಎಲೆಯನ್ನು ನೋಡಿಯೇ ತನ್ನಿ.

ಕೊರತೆ ಏನು? ಪರಿಮಳ ಇಲ್ಲ. ಕಿತ್ತರೆ ಬಾಡುತ್ತದೆ, ಹೂದಾನಿಗೆ ಬರುವುದಿಲ್ಲ. ಇದು ನೋಡುವ ಹೂ, ಅಷ್ಟೇ. ಬೆಕ್ಕು ನಾಯಿಗಳಿಗೆ ವಿಷವಲ್ಲ.

ಸೇವಂತಿಗೆ

ನಮ್ಮವರ ಮನಸ್ಸು ಮೊದಲು ಹೋಗುವುದು ಇಲ್ಲಿಗೆ. ದೇವರಿಗೂ ಆಯಿತು, ಮುಡಿಗೂ ಆಯಿತು. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ರೈತರು ಎಕರೆಗಟ್ಟಲೆ ಬೆಳೆದು ಕೆ.ಆರ್. ಮಾರ್ಕೆಟ್ಟಿಗೆ ತರುತ್ತಾರೆ. ಹಾಗಾದರೆ ಮನೆಯಲ್ಲೂ ಸುಲಭ ಅಂದುಕೊಳ್ಳುತ್ತೇವೆ. ಸುಲಭವಲ್ಲ. ಈ ಐದರಲ್ಲಿ ಹೆಚ್ಚು ಕೈಕೆಲಸ ಕೇಳುವುದು ಇದೇ. ಸರಿಯಾಗಿ ಬಂದರೆ ಹೆಚ್ಚು ಖುಷಿ ಕೊಡುವುದೂ ಇದೇ.

ಸೇವಂತಿಗೆ ಹೂ ಬಿಡುವುದನ್ನು ನಿರ್ಧರಿಸುವುದು ರಾತ್ರಿಯ ಉದ್ದ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಹೆಚ್ಚಿನ ತಳಿಗಳು ಮೊಗ್ಗು ಹಿಡಿಯುತ್ತವೆ. ನಮ್ಮಲ್ಲಿ ಅದು ಮಳೆಗಾಲದ ಕೊನೆ. ಹೂ ನವೆಂಬರ್‌ನಿಂದ ಜನವರಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯ ಸೇವಂತಿಗೆ ಸಿಗಬಹುದು ಎಂಬ ಆಸೆ ಇಟ್ಟುಕೊಳ್ಳಬೇಡಿ. ರೈತರಿಗೆ ಬೇಗ ಹೂ ಬಿಡುವ ತಳಿಗಳಿವೆ, ರಾತ್ರಿ ಬಲ್ಬು ಹಾಕಿ ಹೂವನ್ನು ಮುಂದೂಡುವ, ಕಪ್ಪು ಹೊದಿಕೆ ಹಾಕಿ ಬೇಗ ಬರಿಸುವ ವಿದ್ಯೆ ಇದೆ. ಹಬ್ಬದ ಹೂ ಬರುವುದು ಹಾಗೆ.

ಇದೇ ಕಾರಣಕ್ಕೆ ಬೀದಿ ದೀಪದ ಪಕ್ಕದ ಬಾಲ್ಕನಿಗೆ ಸೇವಂತಿಗೆ ಬೇಡ. ರಾತ್ರಿಯಿಡೀ ಗಿಡದ ಮೇಲೆ ಬೆಳಕು ಬಿದ್ದರೆ ಗಿಡದ ಪಾಲಿಗೆ ರಾತ್ರಿಯೇ ಆಗಿಲ್ಲ. ಎಲೆ ಹಸಿರಾಗಿ ಚೆನ್ನಾಗಿರುತ್ತದೆ, ಮೊಗ್ಗು ಬರುವುದಿಲ್ಲ. ಗೊಬ್ಬರ ಸಾಲಲಿಲ್ಲ ಎಂದು ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ಪಾಟನ್ನು ಕತ್ತಲಿರುವ ಮೂಲೆಗೆ ಸರಿಸಿದರೆ ಸಾಕಿತ್ತು.

ಕೆಲಸದ ಕ್ರಮ ಹೀಗಿದೆ. ಹೂ ಮುಗಿದ ಮೇಲೆ, ಜನವರಿ ಫೆಬ್ರವರಿಯಲ್ಲಿ ಗಿಡವನ್ನು ಮಣ್ಣಿನ ಮಟ್ಟಕ್ಕೆ ಸವರಿ. ಬುಡದಿಂದ ಮರಿಗಳು ಏಳುತ್ತವೆ. ಬೇಸಿಗೆಯಲ್ಲಿ ಅವನ್ನು ಅರೆನೆರಳಲ್ಲಿ, ಹದವಾದ ತೇವದಲ್ಲಿ ಕಾಪಾಡುವುದೇ ಕಷ್ಟದ ಭಾಗ. ಜೂನ್ ಜುಲೈನಲ್ಲಿ ಬೇರು ಬಂದ ಮರಿಗಳನ್ನು ಬಿಡಿಸಿ ಹೊಸ ಮಣ್ಣಿಗೆ ನೆಡಿ. ನಾಲ್ಕು ವಾರ ಆದ ಮೇಲೆ ತುದಿ ಚಿವುಟಿ. ಪಕ್ಕದ ಕವಲು ಒಡೆದು ಗಿಡ ಗುಂಪಾಗುತ್ತದೆ. ಆಗಸ್ಟ್ ಕೊನೆಯಾದ ಮೇಲೆ ಚಿವುಟಬೇಡಿ, ಮೊಗ್ಗೇ ಹೋಗುತ್ತದೆ. ಹಳೆ ಬುಡವನ್ನೇ ವರ್ಷಗಟ್ಟಲೆ ಬಿಟ್ಟರೆ ನಡು ಭಾಗ ಬೋಳಾಗಿ ಹೂ ಸಣ್ಣದಾಗುತ್ತದೆ. ಹಾಗಾಗಿ ಇದು ಬಹುವರ್ಷ ಬಾಳುವ ಗಿಡ ಹೌದಾದರೂ ಪ್ರತಿ ವರ್ಷ ಹೊಸದಾಗಿ ನೆಡುವ ಗಿಡ.

ಎಳೆ ಕುಡಿಗೆ ಕಪ್ಪು ಹೇನು ಮುತ್ತುತ್ತದೆ. ರಭಸವಾಗಿ ನೀರು ಚಿಮುಕಿಸಿ ಉದುರಿಸಿ, ಉಳಿದದ್ದಕ್ಕೆ ಬೇವಿನೆಣ್ಣೆ. ಎಲೆ ಮುಟ್ಟಿದರೆ ಕೆಲವರಿಗೆ ಕೈ ತುರಿಸುತ್ತದೆ. ಬೆಕ್ಕು ನಾಯಿ ತಿಂದರೆ ವಾಂತಿ ಭೇದಿ ಆಗಬಹುದು.

ಸುಗಂಧರಾಜ

ಮೆಕ್ಸಿಕೋದಿಂದ ಬಂದ ಗಡ್ಡೆ. ಸಂಜೆಯ ಮೇಲೆ ಪರಿಮಳ ಏರುತ್ತದೆ. ಕೆಲಸ ಮುಗಿಸಿ ಕತ್ತಲಾದ ಮೇಲೆ ಮನೆಗೆ ಬರುವವರಿಗೆ ಇದಕ್ಕಿಂತ ಒಳ್ಳೆಯ ಹೂ ನಾನು ಹೇಳಲಾರೆ. ಹಗಲಲ್ಲಿ ಗಿಡ ಏನೂ ಚೆಂದವಿಲ್ಲ. ಹುಲ್ಲಿನಂಥ ಎಲೆಗಳ ಗುಂಪು, ನಡುವೆ ಒಂದು ಉದ್ದ ಕಡ್ಡಿ.

ನಮಗೆ ಹತ್ತಿರದಲ್ಲೇ ಒಂದು ಅನುಕೂಲವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸುಗಂಧರಾಜದ ಹಲವು ತಳಿಗಳನ್ನು ರೂಪಿಸಿದೆ. ಶೃಂಗಾರ್, ಪ್ರಜ್ವಲ್ ಒಂಟಿ ಸುತ್ತಿನ ಎಸಳಿನವು. ಸುವಾಸಿನಿ ಹಲವು ಸುತ್ತಿನದು. ಬಿಡಿ ಹೂ, ಹಾರ, ಪರಿಮಳ ಬೇಕಾದವರು ಒಂಟಿ ಸುತ್ತಿನದನ್ನು ತನ್ನಿ. ಕಡ್ಡಿ ಸಮೇತ ಹೂದಾನಿಗೆ ಬೇಕಾದರೆ ಸುವಾಸಿನಿ. ಪ್ರಜ್ವಲ್‌ನ ಮೊಗ್ಗಿನ ತುದಿಗೆ ನಸುಗುಲಾಬಿ ಬಣ್ಣ. ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಸುಗಂಧರಾಜದ ದೊಡ್ಡ ಶತ್ರು. ಶೃಂಗಾರ್ ಅದನ್ನು ಬೇರೆಯವಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಹಳೆ ತರಕಾರಿ ಪಾಟಿನ ಮಣ್ಣಲ್ಲಿ ನೆಡುವುದಾದರೆ ಬೇವಿನ ಹಿಂಡಿ ಬೆರೆಸದೆ ನೆಡಬೇಡಿ.

ಗಡ್ಡೆಯ ಗಾತ್ರ ಮುಖ್ಯ. ಎರಡು ಸೆಂಟಿಮೀಟರಿಗಿಂತ ದಪ್ಪ ಇದ್ದದ್ದು ಆ ವರ್ಷವೇ ಹೂ ಬಿಡುತ್ತದೆ, ನೆಟ್ಟ ಮೂರು ನಾಲ್ಕು ತಿಂಗಳಿಗೆ. ಗೋಲಿಯಷ್ಟು ಚಿಕ್ಕದು ಮುಂದಿನ ವರ್ಷಕ್ಕೆ. ಒಮ್ಮೆ ಹೂ ಬಿಟ್ಟ ಗಡ್ಡೆ ಮತ್ತೆ ಬಿಡುವುದಿಲ್ಲ, ಸುತ್ತಲ ಮರಿಗಳು ಬಿಡುತ್ತವೆ. ಮೂರು ವರ್ಷಕ್ಕೊಮ್ಮೆ ಅಗೆದು, ದಪ್ಪದ್ದನ್ನು ಬೇರೆ ಮಾಡಿ ನೆಡಬೇಕು. ಆರು ಗಂಟೆ ಬಿಸಿಲು ಬೇಕೇ ಬೇಕು. ಈ ವಿಷಯದಲ್ಲಿ ರಾಜಿಯಿಲ್ಲ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಆದರೆ ನಾಲ್ಕು ದಿನ ಊರಿಗೆ ಹೋಗಿ ಬಂದರೆ ಸಾಯುವುದಿಲ್ಲ.

ಒಂದು ಗಡ್ಡೆ ನೆಟ್ಟರೆ ಒಂದೇ ಕಡ್ಡಿ, ಬೇಸರವಾಗುತ್ತದೆ. ಹನ್ನೆರಡು ಇಂಚಿನ ಪಾಟಿನಲ್ಲಿ ನಾಲ್ಕೈದು ಗಡ್ಡೆ ಒಟ್ಟಿಗೆ ಹಾಕಿ.

ಜರ್ಬೆರಾ

ನರ್ಸರಿಯಲ್ಲಿ ಎಲ್ಲರ ಕಣ್ಣು ಸೆಳೆಯುವುದು ಇದು. ದಕ್ಷಿಣ ಆಫ್ರಿಕಾದ ಗಿಡ. ಬೆಂಗಳೂರಿನಂಥ ಹದವಾದ ಹವೆಯಲ್ಲಿ ವರ್ಷದ ಹೆಚ್ಚಿನ ತಿಂಗಳು ಹೂ ಬಿಡುತ್ತದೆ, ಕಿತ್ತು ಹೂದಾನಿಗಿಟ್ಟರೆ ವಾರದ ಹತ್ತಿರ ಇರುತ್ತದೆ. ಬೆಕ್ಕು ನಾಯಿಗೆ ತೊಂದರೆಯಿಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಇಷ್ಟ. ಪೂರ್ವದ ಬಾಲ್ಕನಿಗೆ ಹೇಳಿ ಮಾಡಿಸಿದ್ದು.

ಸಾಯುವುದೂ ಇದೇ ಜಾಸ್ತಿ. ಎಲೆಗಳೆಲ್ಲ ಹೊರಡುವ ಸುಳಿ ಮಣ್ಣಿನಡಿ ಹೂತರೆ ಅಥವಾ ಅದರಲ್ಲಿ ನೀರು ನಿಂತರೆ ಕೊಳೆಯುತ್ತದೆ. ನೆಡುವಾಗ ಸುಳಿ ಮಣ್ಣಿಗಿಂತ ಒಂದು ಬೆರಳು ಮೇಲಿರಲಿ. ನೀರನ್ನು ಎಲೆಯ ಮೇಲಲ್ಲ, ಪಾಟಿನ ಅಂಚಿಗೆ ಹಾಕಿ. ಬೆಂಗಳೂರಿಗೆ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಸೂರಿನಡಿ ಇಡದಿದ್ದರೆ ಜರ್ಬೆರಾ ಉಳಿಯುವುದು ಅನುಮಾನ. ತೆರೆದ ಟೆರೇಸಿನವರಿಗೆ ಬೇಡ ಅನ್ನುವುದು ಇದಕ್ಕೇ.

ಬೋರ್‌ವೆಲ್ ನೀರಿನದು ಇನ್ನೊಂದು ತಲೆನೋವು. ಜರ್ಬೆರಾ ಸ್ವಲ್ಪ ಹುಳಿ ಮಣ್ಣು ಬಯಸುತ್ತದೆ, ಪಿಎಚ್ 5.5ರಿಂದ 6.5. ಗಡಸು ನೀರು ಹಾಕುತ್ತಾ ಹೋದರೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುತ್ತಿಲ್ಲ ಎಂದರ್ಥ. ಮಳೆ ನೀರು ಹಿಡಿದಿಟ್ಟು ಹಾಕುವವರಿಗೆ ಈ ತೊಂದರೆ ಕಡಿಮೆ. ಬೇಸಿಗೆಯಲ್ಲಿ ಎಲೆಯ ಹಿಂಬದಿಗೆ ನುಸಿ, ಬಿಳಿ ನೊಣ ಬರುತ್ತವೆ. ಐದರಲ್ಲಿ ದುಬಾರಿಯೂ ಇದೇ. ಪಾಲಿಹೌಸಿನಲ್ಲಿ ಬೆಳೆದ ದೊಡ್ಡ ಹೂವಿನ ಗಿಡಕ್ಕಿಂತ, ಹೊರಗೆ ಬಿಸಿಲು ಗಾಳಿಗೆ ಬೆಳೆದ ಚಿಕ್ಕ ಹೂವಿನದು ಮನೆಯಲ್ಲಿ ಬಾಳುತ್ತದೆ.

ಮಳೆ ಲಿಲಿ

ಈರುಳ್ಳಿಯಂಥ ಪುಟ್ಟ ಗಡ್ಡೆ, ಗೇಣುದ್ದ ಎಲೆ. ಮಳೆ ಬಂದ ಮೂರು ನಾಲ್ಕು ದಿನಕ್ಕೆ ಗುಲಾಬಿ, ಬಿಳಿ, ಹಳದಿ ಹೂ ಒಟ್ಟಿಗೆ ಏಳುತ್ತವೆ, ಎರಡು ಮೂರು ದಿನ ಇದ್ದು ಹೋಗುತ್ತವೆ. ಗುಲಾಬಿಯದು ಏಪ್ರಿಲ್, ಮೇ ತಿಂಗಳ ಮಾವಿನ ಮಳೆಗೇ ಶುರು. ಬಿಳಿಯದು ಮಳೆಗಾಲದ ಕೊನೆಗೆ.

ಆರೈಕೆ ಎಂದರೆ ಏನೂ ಇಲ್ಲ. ಎಂಟು ಇಂಚಿನ ಪಾಟ್ ಸಾಕು. ತಿಂಗಳುಗಟ್ಟಲೆ ಮರೆತರೂ ಗಡ್ಡೆ ಒಳಗೆ ಇರುತ್ತದೆ. ಕಡಿಮೆ ದುಡ್ಡಿಗೆ ಸಿಗುತ್ತದೆ, ತಾನೇ ಹೆಚ್ಚುತ್ತದೆ. ಗಿಡ ಬೆಳೆಸಿಯೇ ಗೊತ್ತಿಲ್ಲದವರು ಇಲ್ಲಿಂದ ಶುರು ಮಾಡಿ. ಆದರೆ ಗಡ್ಡೆ ವಿಷ. ಈರುಳ್ಳಿ, ಬೆಳ್ಳುಳ್ಳಿ ಬೆಳೆಯುವ ಪಾಟಿನ ಪಕ್ಕ ಇಡಬೇಡಿ, ಮಣ್ಣು ಕೆದಕುವ ನಾಯಿಮರಿ ಇದ್ದರೆ ತರಲೇಬೇಡಿ. ಬೆಕ್ಕು ಸಾಕಿರುವವರು ಡೇ ಲಿಲಿ ಎಂಬ ಇನ್ನೊಂದು ಹೂಗಿಡದಿಂದ ಇನ್ನೂ ದೂರ ಇರಿ. ಅದು ಬೆಕ್ಕಿನ ಕಿಡ್ನಿಯನ್ನೇ ಕೆಡಿಸುತ್ತದೆ. ಅದಕ್ಕೇ ಈ ಪಟ್ಟಿಗೆ ಅದನ್ನು ಸೇರಿಸಲಿಲ್ಲ.

ಯಾರಿಗೆ ಯಾವುದು

ಮನೆ ಮುಂದೆ ನೆಲ ಇದೆ, ಬಿಸಿಲಿದೆ, ನೀರು ಕಷ್ಟ ಎನ್ನುವವರಿಗೆ ಕಾಬಾಳೆ. ಎರಡನೇ ಯೋಚನೆ ಬೇಡ. ಅಂಚಿಗೆ ಮಳೆ ಲಿಲಿ ಹಾಕಿದರೆ ಎರಡೂ ಸೇರಿ ಖರ್ಚು ನೂರಾರು ರೂಪಾಯಿ ದಾಟುವುದಿಲ್ಲ. ನೆರೆಮನೆಯವರ ಬಳಿ ಕಾಬಾಳೆ ಇದ್ದರೆ ಗಡ್ಡೆ ಕೇಳಿ. ತುಂಬಿಕೊಂಡ ಗಡ್ಡೆ ಕೊಡುವುದು ಅವರಿಗೂ ಅನುಕೂಲವೇ.

ತೆರೆದ ಟೆರೇಸ್ ಇದ್ದು ಪೂಜೆಗೆ ಹೂ ಬೇಕಾದರೆ ಸುಗಂಧರಾಜ ಮತ್ತು ಸೇವಂತಿಗೆ ಎರಡನ್ನೂ ಇಡಿ. ಒಂದು ಮಳೆಗಾಲಕ್ಕೆ, ಒಂದು ಚಳಿಗಾಲಕ್ಕೆ. ಕೈಕೆಲಸಕ್ಕೆ ಹೊತ್ತಿಲ್ಲ ಎಂದರೆ ಸುಗಂಧರಾಜ ಮಾತ್ರ. ನಿವೃತ್ತರಾದ ಅಪ್ಪ ಅಮ್ಮ ಮನೆಯಲ್ಲಿದ್ದು, ಗಿಡದ ಹತ್ತಿರ ದಿನಾ ಹೋಗುವ ಆಸೆ ಅವರಿಗಿದ್ದರೆ ಸೇವಂತಿಗೆಯನ್ನೇ ಕೊಡಿಸಿ.

ಪೂರ್ವಕ್ಕೆ ಬಾಲ್ಕನಿ, ಮೇಲೆ ಸೂರು, ಕಾವೇರಿ ನೀರು ಅಥವಾ ಮಳೆ ನೀರಿನ ಸಂಗ್ರಹ ಇದ್ದವರು ಜರ್ಬೆರಾ ತನ್ನಿ. ಇದರಲ್ಲಿ ಒಂದು ಇಲ್ಲದಿದ್ದರೂ ಆ ದುಡ್ಡನ್ನು ಒಳ್ಳೆಯ ಪಾಟಿಗೆ, ಎರೆಗೊಬ್ಬರಕ್ಕೆ ಹಾಕುವುದು ಮೇಲು. ಪಾಟು, ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿದರೆ ಗಿಡದ ಬೆಲೆಗಿಂತ ಅದೇ ಜಾಸ್ತಿ ಆಗುತ್ತದೆ.

ನೇರ ಬಿಸಿಲೇ ಬೀಳದ ಬಾಲ್ಕನಿಗೆ ಈ ಐದೂ ಬೇಡ. ಬಿಗೋನಿಯಾ, ಪೀಸ್ ಲಿಲಿ ನೆರಳಿಗೆ ಒಗ್ಗುತ್ತವೆ. ಪೀಸ್ ಲಿಲಿ ಎಲೆ ಜಗಿದರೆ ಬಾಯಿ ಉರಿಯುತ್ತದೆ, ಮಗುವಿಗೆ ಎಟುಕದ ಹಾಗಿಡಿ.

ಕೊಳ್ಳುವ ಹೊತ್ತು

ಮಳೆ ಲಿಲಿ, ಸುಗಂಧರಾಜದ ಗಡ್ಡೆಗೆ ಏಪ್ರಿಲ್, ಮೇ. ಕಾಬಾಳೆಗೆ ಮೊದಲ ಮಳೆ ಬಿದ್ದ ಮೇಲೆ. ಸೇವಂತಿಗೆ ಸಸಿಗೆ ಜೂನ್, ಜುಲೈ. ಜರ್ಬೆರಾವನ್ನು ಜೋರು ಮಳೆ ಮುಗಿದ ಮೇಲೆ, ನವೆಂಬರ್‌ನಲ್ಲಿ ತನ್ನಿ. ಲಾಲ್‌ಬಾಗಿನ ಒಳಗಿನ ಮಾರಾಟ ಮಳಿಗೆ, ಹತ್ತಿರದ ಸಿದ್ದಾಪುರದ ನರ್ಸರಿಗಳು ಹೋಲಿಸಿ ನೋಡಲು ಅನುಕೂಲ, ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಹೊತ್ತಿನಲ್ಲಿ ಗಿಡಗಳು ಹೆಚ್ಚು ಬಗೆಯಲ್ಲಿ ಸಿಗುತ್ತವೆ, ಆದರೆ ಜನ ಜಾಸ್ತಿ, ನಿಧಾನವಾಗಿ ನೋಡಲು ಆಗುವುದಿಲ್ಲ. ವಾರದ ದಿನ ಬೆಳಿಗ್ಗೆ ಹೋಗಿ. ಎಲೆ ಮಗುಚಿ ಹಿಂಬದಿ ನೋಡಿ, ಗಡ್ಡೆ ಒತ್ತಿ ನೋಡಿ. ಮೆತ್ತಗಿದ್ದರೆ ಬಿಡಿ. ಹೂ ಅರಳಿದ ಗಿಡಕ್ಕಿಂತ ಮೊಗ್ಗಿರುವ, ಬುಡದಲ್ಲಿ ಮರಿ ಒಡೆದಿರುವ ಗಿಡವನ್ನು ಕೇಳಿ ತೆಗೆದುಕೊಳ್ಳಿ.